ಅಂಗೈ ಬಿಸಿಯ ಎಂಜಿನ್ನು

ಕೆಲಸ ಹೋದವನು ಸುಮ್ಮನೆ ಕೂತರೂ ಜನ ನಗುತ್ತಾರೆ, ಏನಾದರೂ ಮಾಡಿದರೆ ಇನ್ನೂ ನಗುತ್ತಾರೆ. ನನ್ನ ಪಾಲಿಗೆ ಎರಡೂ ಆದವು. ನಂಜನಗೂಡಿನಲ್ಲಿ ನಾನು ಫಿಟ್ಟರ್ ಆಗಿದ್ದ ಕಾರ್ಖಾನೆ ಮುಚ್ಚಿತು. ನರಸೀಪುರದ ಬಾಡಿಗೆ ಮನೆಯಲ್ಲಿ ಕೂತು, ಲೈಬ್ರರಿ ಪುಸ್ತಕ ನೋಡಿಕೊಂಡು, ಬಿಸಿನೀರಿನ ಲೋಟದ ಮೇಲಿಟ್ಟರೆ ತಿರುಗುವ ಎಂಜಿನ್ ಮಾಡಲು ಹೊರಟೆ. ಎಂಜಿನ್ ಅಂದರೆ ಮೇಲೊಂದು ಚಕ್ರ ಕೂರಿಸಿದ ತಗಡಿನ ಡಬ್ಬ; ಅದರ ತಳ ಬಿಸಿ, ಮೇಲ್ಭಾಗ ತಂಪು ಇದ್ದರೆ ಒಳಗಿನ ಗಾಳಿ ಹಿಗ್ಗಿ ಕುಗ್ಗಿ ಚಕ್ರ ತಿರುಗಿಸುತ್ತದೆ. ಅಷ್ಟೇ.

ಬಲೂನು

ಡಬ್ಬದ ಬಾಯಿಗೆ ಬಲೂನಿನ ರಬ್ಬರು ಬಿಗಿಯಬೇಕು. ಬಿಗಿದದ್ದೆಲ್ಲ ಹರಿಯುತ್ತಿತ್ತು. ದಿನಾ ಹೋಗಿ ಬಲೂನು ತರುತ್ತಿದ್ದೆ.

"ಎಷ್ಟ್ ಮಕ್ಳು ಸಾ?" ಅಂದ ಅಂಗಡಿಯವನು.

"ಇಲ್ಲ."

ಅವನು ಬಲೂನು ಎಣಿಸಿ ಕೊಟ್ಟ. "ದೇವ್ರು ಕೊಡ್ತಾನೆ ಬುಡಿ ಸಾ. ಅದ್ಕೆ ಈಗ್ಲೇ ಇಷ್ಟೊಂದ್ ಕೂಡಾಕ್ಬೇಕಾ?"

ಸೋಸಲೆಯವರು

ಎಂಜಿನ್ ಸುದ್ದಿ ಕೇಳಿ ಸೋಸಲೆಯ ರೈತರೊಬ್ಬರು ಬಸ್ಸು ಹತ್ತಿ ಬಂದರು.

"ಗದ್ದೆಗೆ ನೀರೆತ್ತುತ್ತಾ?"

"ಇಲ್ಲ, ಬರೀ ತಿರುಗುತ್ತೆ."

ಅವತ್ತು ತಿರುಗಲೂ ಇಲ್ಲ. ಲೋಟದ ನೀರು ಆರುವವರೆಗೂ ಪಾಪ ಕಾದರು. ಎದ್ದು ಟವೆಲ್ ಕೊಡವಿ, "ಆ ನೀರ್ಗೆ ಒಸಿ ಕಾಫಿಪುಡಿ ಆಕಿದ್ರೆ ನಾನಾದ್ರೂ ತಿರುಗ್ತಿದ್ನಲ್ಲ ಸಾ" ಅಂದರು.

ಜ್ವರ

ಚಕ್ರದ ತಂತಿ ಬದಲಿಸಿದ ಮೇಲೆ ಬಿಸಿನೀರಿಗೆ ತಿರುಗಿತು. ಅಂಗೈ ಶಾಖವೇ ಸಾಕು ಅಂತ ಪುಸ್ತಕದಲ್ಲಿತ್ತು. ನನ್ನ ಅಂಗೈಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಅಷ್ಟರಲ್ಲಿ ಹೆಂಡತಿಗೆ ಟೈಫಾಯಿಡ್ ಬಂತು. ಜ್ವರ ಪೂರ್ತಿ ಬಿಡಲು ಇಪ್ಪತ್ತು ದಿನ ಹಿಡಿಯಿತು. ಐದನೇ ದಿನ ಮೈ ಕೆಂಡವಾಗಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ. ಅವಳು ಕಣ್ಣು ಬಿಟ್ಟಳು.

"ನಿಮ್ ಡಬ್ಬ ತನ್ನಿ" ಅಂದಳು. "ನನ್ ಕೈ ಸುಡ್ತಾ ಅದೆ. ತಿರುಗ್ತದೇನೋ ನೋಡಾನ."

ಬೇಡವೆಂದರೂ ಕೇಳಲಿಲ್ಲ. ಅವಳ ಅಂಗೈ ಮೇಲಿಟ್ಟೆ. ಚಕ್ರ ಅರ್ಧ ಸುತ್ತು ಬಂದು ನಿಂತಿತು.

"ಮೇಲ್ಗಡೆ ತಂಪಿರ್ಬೇಕು ಅಲ್ವಾ?" ಎಂದವಳೇ ಹಣೆಯ ಬಟ್ಟೆ ತೆಗೆದುಕೊಟ್ಟಳು. ಚಕ್ರಕ್ಕೆ ತಾಗದಂತೆ ಡಬ್ಬದ ಮೇಲ್ಭಾಗಕ್ಕೆ ಸುತ್ತಿ, ಚಕ್ರವನ್ನು ಮೆಲ್ಲಗೆ ನೂಕಿದೆ. ತಿರುಗಿತು. ನಿಲ್ಲಲೇ ಇಲ್ಲ. ಇಬ್ಬರೂ ಅದನ್ನೇ ನೋಡುತ್ತಿದ್ದೆವು.

ಅದೇ ಹೊತ್ತಿಗೆ ಹೆಮ್ಮಿಗೆಯಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತರು. "ಅಯ್ಯೋ ಶಿವ್ನೇ! ನನ್ ಮಗೀಗೆ ಜ್ವರ ಬಂದಿದ್ರೆ ಡಬ್ಬಕ್ಕೆ ತಣ್ಣೀರ್ ಬಟ್ಟೆ ಆಕ್ತಾವ್ನಲ್ಲಪ್ಪಾ!"

ನಾನು ಬಟ್ಟೆ ತೆಗೆಯಲು ಹೋದೆ. ಹೆಂಡತಿ ಕೈ ಹಿಡಿದಳು.

"ಸುಮ್ಕಿರವ್ವ. ಎಷ್ಟೋ ತಿಂಗ್ಳಾದ್ಮೇಲೆ ಈ ಮನೇಲಿ ಏನೋ ಒಂದು ಕೆಲ್ಸ ಮಾಡ್ತಾ ಅದೆ."