ಪುಸ್ತಕದ ಮೇಲಿನ ಕಲೆ ಯಾರ ಮನೇದು?

ಸ್ವಲ್ಪ ಹತ್ತಿರ ಬರ್ರಿ, ದನಿ ಇಳಿಸಿ ಹೇಳಬೇಕು. ಇದು ನಿಮ್ಮಲ್ಲೇ ಇರಲಿ. ಪಕ್ಕದ ಮನೆಯಾಕೆ ಒಮ್ಮೆ ಬಂದು ಹೋಗ್ಯಾಳೆ, ಇನ್ನೊಮ್ಮೆ ಬಂದರೆ ತಡಕೊಳ್ಳೋ ಶಕ್ತಿ ನನಗಿಲ್ಲ.

ಆಂಧ್ರದ ಗಡಿಯೊಳಗಿನ ಡಿ. ಹಿರೇಹಾಳ್ ಕಡೆಯ ನಮ್ಮೂರ ಕನ್ನಡ ಶಾಲೆಯಲ್ಲಿ ಕಸ ಹೊಡೆಯೋಳು ನಾನು. ಮಕ್ಕಳು ಶನಿವಾರ ಲೈಬ್ರರಿ ಪುಸ್ತಕ ಮನೆಗೆ ಒಯ್ತಾರೆ, ಸೋಮವಾರ ತರ್ತಾರೆ. ತಂದದ್ದನ್ನು ಒರೆಸಿ ಬೀರುವಿನಲ್ಲಿ ಇಡೋದು ನನ್ನ ಕೆಲಸ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೋಳು, ಅಕ್ಷರದ ಗೊಡವೆ ನನಗೆ ಬೇಡ ಅಂತ ಊರಿಗೆಲ್ಲ ಹೇಳಿದ್ದೀನಿ. ಆದರೆ ಒರೆಸೋ ಕೈಗೆ ವಾರವಾರ ಯಾವುದಾದರೂ ಮನೆಯ ಗುಟ್ಟು ಸಿಗದೇ ಇರೋದಿಲ್ಲ.

ಫ್ಯಾನು ನಿಂತಾಗ

ಶಾಲೆಗೆ ಟ್ಯಾಬ್ ಬಂದ ದಿನ ಹೆಡ್ಮಾಸ್ಟ್ರು ಊರವರನ್ನೆಲ್ಲ ಕರೆಸಿದರು. ಒಂದು ಟ್ಯಾಬ್ ಎತ್ತಿ ತೋರಿಸಿ, "ಇಡೀ ಲೈಬ್ರರಿ ಇದರೊಳಗೇ ಐತಿ. ಪುಸ್ತಕದ ರೂಮು ಖಾಲಿ ಮಾಡಿ ಟ್ಯಾಬ್ ಚಾರ್ಜಿಗೆ ಇಟ್ಕಂತೀವಿ. ಪುಸ್ತಕ ಮಂಡಲ ಆಫೀಸಿಗೆ ಕಳಿಸ್ತೀವಿ" ಅಂದರು. ಮಂಡಲ ಅಂದರೆ ನಿಮ್ಮ ಕಡೆಯ ತಾಲೂಕು ಇದ್ದಂಗೆ.

ಲೈಬ್ರರಿ ನೋಡಿಕೊಳ್ಳೋ ಮೇಡಂ ಮುಖ ಬಾಡಿಹೋಯಿತು. ಅವರಿವರ ಕಾಲು ಹಿಡಿದು ಒಂದೊಂದಾಗಿ ಕೂಡಿಸಿದ ಪುಸ್ತಕ ಅವು!

ಕುರಿ ಕಾಯೋ ತಾತ ಎದ್ದು ನಿಂತ. "ಸಾರ್, ಇದಕ್ಕ ಕರೆಂಟು ಬೇಕಾ?"

"ಬೇಕಲ್ಲಪ್ಪ."

ಅನ್ನೋದೇ ತಡ, ಕರೆಂಟು ಹೋಗಿ ಫ್ಯಾನು ನಿಂತಿತು. ಹೆಡ್ಮಾಸ್ಟ್ರು ಸೆಕೆ ತಡೀಲಾರದೆ ಮೇಜಿನ ಮೇಲಿದ್ದ ತೆಳ್ಳಗಿನ ಕಥೆಪುಸ್ತಕ ತಗೊಂಡು ಗಾಳಿ ಬೀಸಿಕೊಳ್ಳತೊಡಗಿದರು.

ತಾತ ಬಿಡಲಿಲ್ಲ: "ಟ್ಯಾಬ್‌ನಾಗ ಬೀಸ್ಕಳ್ರಿ ಸಾರ್, ಅದರೊಳಗ ಎಲ್ಲಾ ಐತಲ್ಲ!"

ಉಪ್ಪು ಕಮ್ಮಿ

ನಮ್ಮ ಬೀದಿಯಲ್ಲಿ ಒಬ್ಬ ಯಜಮಾನರು. ಮೊಟ್ಟೆ ಅನ್ನೋ ಮಾತು ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸೋರು. ಅವರ ಮೊಮ್ಮಗಳು ಒಯ್ದ ಪುಸ್ತಕ ಸೋಮವಾರ ವಾಪಸ್ ಬಂತು. ನಡುಹಾಳೆಗೆ ಆಮ್ಲೆಟ್ ಚೂರು, ಈರುಳ್ಳಿ ಸಮೇತ!

"ನಾ ಅಲ್ಲವ್ವಾ, ತಾತ ಓದಾಕ ಹೊಲಕ್ಕ ಒಯ್ದಿದ್ದ" ಅಂದಿತು ಕೂಸು.

ಸಂಜೆ ಯಜಮಾನರು ಎದುರಿಗೇ ಸಿಕ್ಕರು. "ಕಥಿ ರುಚಿ ಇತ್ತೇನ್ರಿ?" ಅಂದೆ.

ಅತ್ತಿತ್ತ ನೋಡಿ ಮೆಲ್ಲಗೆ ಅಂದರು: "ಉಪ್ಪು ಸ್ವಲ್ಪ ಕಮ್ಮಿ ಆಗಿತ್ತವ್ವಾ. ಮನ್ಯಾಗ ಹೇಳಬ್ಯಾಡ."

ಎರಡು ಬೊಟ್ಟು

ಪಕ್ಕದ ಮನೆಯ ಅತ್ತೆ-ಸೊಸೆಗೆ ಯುಗಾದಿಯಿಂದ ಮಾತಿಲ್ಲ. ಅವರ ಮನೆಯಿಂದ ಬಂದ ಪುಸ್ತಕದಲ್ಲಿ ಓದಿದ ಜಾಗದ ಗುರುತಿಗೆ ಎರಡು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದರು. ಸೊಸೆಯ ಸಣ್ಣ ಕರಿಬೊಟ್ಟು ಹತ್ತು ಹಾಳೆ ಮುಂದೆ, ಅತ್ತೆಯ ಅಗಲ ಕೆಂಪು ಬೊಟ್ಟು ಹಿಂದೆ. ಮುಂದಿನ ಶನಿವಾರವೂ ಅವರ ಮಗು ಅದೇ ಪುಸ್ತಕ ಕೇಳಿ ಒಯ್ದಿತು. ಭಾನುವಾರ ನಾನು ಗೋಡೆಗೆ ಕಿವಿ ಇಟ್ಟೆ, ಸುಳ್ಳು ಯಾಕ ಹೇಳಲಿ.

ಸೊಸೆ ಓದಿ ಮುಗಿಸಿದ್ದಳು. ಅತ್ತೆಗೆ ತಡೆಯಲಿಲ್ಲ. "ಕಣ್ಣು ಉರೀತಾವ, ಓದಾಕ ಆಗವಲ್ದು. ಕಥ್ಯಾಗಿನ ಆ ಕುಂಬಾರನ ಹೆಂಡ್ತಿ ತಿರುಗಿ ಬಂದಳೇನು?"

"ತುಪ್ಪದ ಡಬ್ಬಿ ಎಲ್ಲಿ ಬಚ್ಚಿಟ್ಟೀರಿ ಹೇಳ್ರಿ ಅತ್ತಿ. ಆಮ್ಯಾಲೆ ನಾ ಹೇಳ್ತೀನಿ!"

ಆಫೀಸರ ಮುಂದೆ

ರೂಮು ಖಾಲಿ ಮಾಡಿಸೋದೋ ಬಿಡೋದೋ ಅಂತ ನೋಡೋಕೆ ಮಂಡಲದ ಆಫೀಸರು ಬಂದರು. ನಾಲ್ಕು ಪುಸ್ತಕ ತಿರುವಿ, "ಬರೀ ಹೊಲಸು. ಯಾರು ಓದ್ತಾರಮ್ಮ ಇವನ್ನ?" ಅಂದರು. ಮೇಡಂ ಆ ಪುಸ್ತಕಗಳನ್ನು ಎತ್ತಿಕೊಂಡು ಸೆರಗಿನಿಂದ ಒರೆಸತೊಡಗಿದರು.

ನಾನು ಪೊರಕೆ ಮೂಲೆಗಿಟ್ಟೆ. ಬಾಯಲ್ಲಿದ್ದ ಎಲೆಅಡಿಕೆ ದವಡೆಗೆ ಒತ್ತಿಕೊಂಡೆ.

"ಹೊಲಸಲ್ರಿ ಸಾರ್, ಓದಿದ ಗುರುತು. ಈ ಎಣ್ಣಿ ಕಲೆ ಯಜಮಾನ್ರ ಆಮ್ಲೆಟ್ಟಿಂದು. ಈ ಕೆಂಪು ಬೊಟ್ಟು ಅತ್ತೀದು, ಕರೇದು ಸೊಸೀದು. ಇಲ್ಲಿ ತೂತು ಬಿದ್ದದ್ದು ಕುರಿ ತಾತನ ಬೀಡಿ. ಒಂದು ಕೂಸು ಪುಸ್ತಕ ಒಯ್ದ್ರ ಮನಿ ಮಂದಿಯೆಲ್ಲ ಓದ್ತಾರ ಸಾರ್!"

ಯಜಮಾನರು ಮನೆಯಲ್ಲಿ ಹೇಳಬ್ಯಾಡ ಅಂದಿದ್ದರು, ಆಫೀಸರಿಗೆ ಹೇಳಬ್ಯಾಡ ಅಂದಿರಲಿಲ್ಲ.

ಆಫೀಸರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಲೈಬ್ರರಿ ಇಲ್ಲೇ ಇರಲಿ. ಟ್ಯಾಬು ಹೆಡ್ಮಾಸ್ಟ್ರ ರೂಮಿನಾಗ ಚಾರ್ಜಿಗೆ ಇಡ್ರಿ" ಅಂದರು. ಮೇಡಂ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಸುದ್ದಿ ನನಗಿಂತ ಮೊದಲೇ ಬೀದಿ ಸೇರಿತ್ತು. ಮನೆಗೆ ಬಂದರೆ ಆ ಕೆಂಪು ಬೊಟ್ಟಿನ ಅತ್ತೆ ಸೊಂಟದ ಮೇಲೆ ಕೈ ಇಟ್ಟು ನನ್ನ ಬಾಗಿಲಲ್ಲೇ ನಿಂತಿದ್ದಳು. ಮುಖಕ್ಕೇ ಕೇಳಿದಳು:

"ಊರ ಮಂದಿ ಕಲೆ ಎಲ್ಲಾ ತೋರಿಸಿದ್ಯಲ್ಲಕ್ಕಾ, ಒಂದೊಂದು ಪುಸ್ತಕದಾಗೂ ಮೊದಲ್ನೇ ಹಾಳಿಯಿಂದ ಕೊನೀ ಹಾಳಿ ತನಕ ಎಲಿಅಡಿಕಿ ಕೆಂಪು ಐತಲ್ಲ, ಅದು ಯಾರ ಬಾಯಿಂದು ಅಂತ ಯಾಕ ಹೇಳ್ಲಿಲ್ಲ?"