ನನ್ನ ಗದ್ದೆಯನ್ನು ಗದೆ ಮಾಡಿದ ಹಳೆಯ ಫೈಲ್ ಮಹಾಶಯರಿಗೆ

ಮಾನ್ಯರಲ್ಲಿ ಮಾನ್ಯರೂ, ಜೀರ್ಣರಲ್ಲಿ ಜೀರ್ಣರೂ, ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನನ್ನ ನಾಟಕವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಪಾಡಿದ ಹಳೆಯ ಕನ್ನಡ ಫೈಲ್ ಮಹಾಶಯರೇ,

ನ್ಯಾಮತಿಯ ಸಾವಂತ್ರಮ್ಮ, ಅಂದರೆ ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾಗಿರುವ ಹವ್ಯಾಸಿ ನಾಟಕಕರ್ತೆಯಾದ ನಾನು, ತಮ್ಮ ಆರೋಗ್ಯವನ್ನು ವಿಚಾರಿಸಿ ಮಾಡುವ ವಿಜ್ಞಾಪನೆ. ತಮ್ಮನ್ನು ತೆರೆಯಬಲ್ಲ ಕಂಪ್ಯೂಟರುಗಳು ಒಂದೊಂದಾಗಿ ಗುಜರಿ ಸೇರುತ್ತಿವೆ ಎಂದು ಕೇಳಿ ಬಹಳ ವ್ಯಥೆಯಾಯಿತು. ಮುಪ್ಪು ಯಾರನ್ನೂ ಬಿಟ್ಟಿದ್ದಲ್ಲ. ನನಗೆ ಕಣ್ಣಿನ ಪೊರೆ ಬಂದಂತೆ ತಮಗೆ ಅಕ್ಷರದ ಪೊರೆ ಬಂದಿದ್ದರೆ ಅದರಲ್ಲಿ ದೂರುವಂಥದ್ದು ಏನೂ ಇಲ್ಲ. ಆದರೂ ದೂರುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ ಎಂಬುದನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು.

ತಮಗೆ ನೆನಪಿರಬಹುದು. ನಾನು ಚನ್ನಗಿರಿಯಲ್ಲಿ ಕೆಲಸದಲ್ಲಿದ್ದಾಗ ‘ಗೌರಿಯ ಗದ್ದೆ’ ಎಂಬ ದುಃಖಾಂತ ನಾಟಕ ಬರೆದು, ಬಸ್‌ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದ ಮಸರತ್ ಕೈಯಲ್ಲಿ ಕಂಪ್ಯೂಟರಿಗೆ ಹಾಕಿಸಿದ್ದೆ. ಕಾಗದವಾದರೆ ಹುಳ ತಿನ್ನುತ್ತದೆ, ಫೈಲಿಗೆ ಸಾವೇ ಇಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಆ ಮಾತು ನಂಬಿದ ನಾನು ಕೈಬರಹದ ಹಾಳೆಗಳನ್ನು ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿಬಿಟ್ಟೆ.

ಅದು ಕಟ್ಟುಕತೆಯಲ್ಲ, ನನ್ನ ಅಕ್ಕ ಹೊನ್ನೂರಮ್ಮನ ಕತೆ. ಸಾಸ್ವೆಹಳ್ಳಿಯ ಹೊಳೆದಂಡೆಯಲ್ಲಿದ್ದ ಒಂದು ಗದ್ದೆಯನ್ನು ಅಪ್ಪ ಬಾಯಿಮಾತಿನಲ್ಲಿ ಅಕ್ಕನಿಗೆ ಕೊಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಅಕ್ಕ ಒಂದು ಮಾತೂ ಆಡಲಿಲ್ಲ. ಅವಳು ಆಡದ ಮಾತನ್ನೆಲ್ಲ ನಾನು ಗೌರಿಯ ಬಾಯಲ್ಲಿ ಆಡಿಸಿದ್ದೆ. ಆ ಕಾಲದಲ್ಲಿ ಒಂದೆರಡು ಪ್ರಯೋಗವೂ ಆಯಿತು, ಜನ ಮರ್ಯಾದೆಗೆ ಅತ್ತರು. ಅಕ್ಕ ಮಾತ್ರ ಬರಲಿಲ್ಲ.

ಈ ವರ್ಷ ನ್ಯಾಮತಿಯ ಹಾರ್ಮೋನಿಯಂ ಮಾಸ್ತರ್ ಖಾಜಾಸಾಬರು ನಾಟಕವನ್ನು ಮತ್ತೆ ಆಡಿಸುತ್ತೇನೆಂದು ಮುಂದೆ ಬಂದಾಗ ಪ್ರತಿ ಹುಡುಕುವ ಪ್ರಸಂಗ ಬಂತು. ಮಸರತ್ ಪುಣ್ಯವಂತೆ. ತಮ್ಮನ್ನು ಫ್ಲಾಪಿಯಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಪೆನ್‌ಡ್ರೈವಿಗೆ ಎತ್ತಿಡುತ್ತ, ಮುದುಕರನ್ನು ಕೈಹಿಡಿದು ರಸ್ತೆ ದಾಟಿಸುವಂತೆ ದಾಟಿಸಿಕೊಂಡು ಬಂದಿದ್ದಳು. ಆದರೆ ತೆರೆದು ನೋಡಿದರೆ ಪರದೆಯ ತುಂಬ ಕೊಂಬು ಬಾಲ ಬಂದ ಇಂಗ್ಲಿಷ್ ಅಕ್ಷರಗಳು! ತಾವು ಒಳಗೆಲ್ಲ ಇಂಗ್ಲಿಷ್ ಅಕ್ಷರವಾಗಿದ್ದು, ಮೇಲೆ ಕನ್ನಡದ ವೇಷ ಹಾಕಿಕೊಂಡಿದ್ದಿರಿ ಎಂಬ ಗುಟ್ಟು ನನಗೆ ಆವತ್ತೇ ತಿಳಿದದ್ದು. ಮಸರತ್ ನನ್ನ ಮುಖ ನೋಡಿ, “ಹೆದರಬ್ಯಾಡ್ರಿ ಅಕ್ಕಾರೆ, ಒಳಗೆ ನಾಟಕ ಹಂಗೇ ಐತೆ. ಮೈಮ್ಯಾಲಿನ ಬಟ್ಟೆ ಮಾತ್ರ ಹೋಗೈತೆ” ಎಂದಳು. ಹೊಸ ಬಟ್ಟೆ ತೊಡಿಸುವ ತಂತ್ರಾಂಶವೊಂದು ಅವಳಲ್ಲಿತ್ತು. ತಮ್ಮನ್ನು ಅದರೊಳಗೆ ಹಾಯಿಸಿ, ಅಚ್ಚು ತೆಗೆದು, ಖಾಜಾಸಾಬರ ಕೈಗೆ ಕೊಡುವಾಗ, ಬರೆದವರ ಕಣ್ಣಿಗೆ ಒಮ್ಮೆ ತೋರಿಸಿರಿ ಎಂದೂ ಹೇಳಿದಳಂತೆ. ಬರೆದವಳ ಕಣ್ಣಿಗೆ ಹೊನ್ನಾಳಿಯಲ್ಲಿ ಪೊರೆಯ ಆಪರೇಷನ್ ಆಗಿ ಪಟ್ಟಿ ಕಟ್ಟಿತ್ತು. ಓದುವುದು ಪೂರಾ ಬಂದ್ ಎಂದು ಡಾಕ್ಟರು ಹೇಳಿದ್ದರಿಂದ ನಾನು ಅಕ್ಕನ ಮನೆಯಲ್ಲಿ ಗಂಜಿ ಕುಡಿಯುತ್ತ ಮಲಗಿದ್ದೆ.

ಇಲ್ಲಿಂದ ಮುಂದೆ ತಮ್ಮ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ವೇಷ ಬದಲಿಸುವ ಗಡಿಬಿಡಿಯಲ್ಲಿ ತಾವು ಅಲ್ಲಲ್ಲಿ ಒತ್ತಕ್ಷರಗಳನ್ನು ನುಂಗಿಬಿಟ್ಟಿದ್ದಿರಿ. ಬೆಲ್ಲ ಬೆಲವಾದಲ್ಲಿ, ಅಕ್ಕಿ ಅಕಿಯಾದಲ್ಲಿ ನಟರು ತಾವೇ ತಿದ್ದಿಕೊಂಡರು. ಆದರೆ ಒತ್ತು ಹೋದ ಮೇಲೂ ಅರ್ಥವಿರುವ ಮಾತು ಉಳಿದರೆ ಅದನ್ನು ತಪ್ಪೆಂದು ಯಾರು ತಿಳಿಯಬೇಕು? ಗದ್ದೆ ಗದೆಯಾಯಿತು. ಮಾತ್ರೆ ಮಾತೆಯಾಯಿತು. ಪತ್ನಿ ಪತಿಯಾದಳು. ತಾಲೀಮಿನಲ್ಲಿ ಒಬ್ಬಿಬ್ಬರು ಅನುಮಾನಪಟ್ಟರಂತೆ. ಖಾಜಾಸಾಬರು, “ಬರೆದೋರು ಸುಮ್ಮನೆ ಬರೆದಿರಾಕಿಲ್ಲ. ಇದ್ರಾಗೆ ಏನೋ ಗೂಢಾರ್ಥ ಐತೆ, ಬಾಯಿಪಾಠ ಮಾಡ್ರಿ” ಎಂದುಬಿಟ್ಟರು. ನನ್ನ ಮೇಲೆ ಇಷ್ಟೊಂದು ಗೌರವ ಇಟ್ಟವರು ಇನ್ನೊಬ್ಬರಿಲ್ಲ, ಆ ಗೌರವದಿಂದ ನನಗೆ ಇಷ್ಟು ಕಷ್ಟವಾದದ್ದೂ ಇನ್ನೊಮ್ಮೆ ಇಲ್ಲ. ಅವರು ಹೊನ್ನಾಳಿಯ ಪೌರಾಣಿಕ ನಾಟಕದ ಸಾಮಾನು ಬಾಡಿಗೆ ಕೊಡುವವರ ಹತ್ತಿರ ಹೋಗಿ ಭೀಮನ ಗದೆಯೊಂದನ್ನು ತಂದರು.

ಪ್ರಯೋಗದ ಸಂಜೆ ಅದೇನಾಯಿತೋ, ಅಕ್ಕ ತಾನಾಗಿಯೇ ಬರುತ್ತೇನೆಂದು ಹೊರಟಳು. ಒಂದು ಕಣ್ಣಿಗೆ ಪಟ್ಟಿಯಿದ್ದ ನಾನು ಅವಳ ಕೈಹಿಡಿದು ಮುಂದಿನ ಸಾಲಿನಲ್ಲಿ ಕೂತೆ. ಪರದೆ ಎದ್ದಿತು. ಗೌರಿಯ ಪಾತ್ರದ ದುರುಗಕ್ಕ ಮಂಡಕ್ಕಿ ಮಿರ್ಚಿ ಹೋಟೆಲು ನಡೆಸುವವಳು, ಗಟ್ಟಿ ಕಂಠದವಳು. ಅವಳು ಬಂಗಾರದ ಬಣ್ಣ ಬಳಿದ ಗದೆಯನ್ನು ಮಗುವಿನಂತೆ ಅಪ್ಪಿಕೊಂಡು ಬಂದು, ಈ ಗದೆ ನನ್ನ ಅಪ್ಪನದು, ಇದರಲ್ಲಿ ಬೆಳೆದ ಅನ್ನವನ್ನೇ ಉಂಡು ನಾನು ದೊಡ್ಡವಳಾದೆ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ಆಳು ಗದೆಗೆ ನೀರು ಬಿಡುತ್ತೇನೆ ತಾಯಿ ಎಂದು ಹೇಳಿ, ಕೊಡ ಎತ್ತಿ ಅದರ ನೆತ್ತಿಯ ಮೇಲೆ ನಿಧಾನವಾಗಿ ಸುರಿದ. ಮೊದಲ ನಗು ಎದ್ದದ್ದು ಅಲ್ಲಿ. ಡಾಕ್ಟರ ಪಾತ್ರದವರು ಬಂದು ದಿನಕ್ಕೆ ಎರಡು ಮಾತೆ ಸಾಕು ಎಂದಾಗ, ತನ್ನ ಮನೆಯಲ್ಲಿ ಒಬ್ಬರೇ ಸಾಕಾಗಿದ್ದಾರೆ ಎಂದು ಹಿಂದಿನ ಸಾಲಿನವನೊಬ್ಬ ಹೇಳಿದ.

ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅಕ್ಕನ ಜೀವನದ ದೊಡ್ಡ ನೋವನ್ನು ಊರ ಮುಂದೆ ನಗೆಪಾಟಲು ಮಾಡಿದೆನಲ್ಲ! ಕೈಬಿಡಿಸಿಕೊಂಡು ಎದ್ದು ಹೋಗೋಣವೆಂದರೆ ಅಕ್ಕ ಬಿಡಲಿಲ್ಲ. ಅವಳತ್ತ ತಿರುಗುವ ಧೈರ್ಯ ನನಗಿರಲಿಲ್ಲ.

ಕೊನೆಯ ಅಂಕದಲ್ಲಿ ಗೌರಿಯ ಗಂಡ ಸಾಯಬೇಕು. ಗಂಡನ ಪಾತ್ರ ಗೊಬ್ಬರದ ಅಂಗಡಿಯ ಮಾಲತೇಶನದು, ಹುರಿಮೀಸೆಯ ಆಳು. ಅವನು ದುರುಗಕ್ಕನ ಮಡಿಲಲ್ಲಿ ತಲೆಯಿಟ್ಟು ಕ್ಷೀಣ ಸ್ವರದಲ್ಲಿ, “ಗೌರಿ, ಏಳೇಳು ಜನ್ಮಕ್ಕೂ ನೀನೇ ನನ್ನ ಪತಿ” ಎಂದ. ದುರುಗಕ್ಕನಿಗೆ ಅಲ್ಲಿ ಮಾತಿರಲಿಲ್ಲ, ಗೋಳಾಡುವುದಷ್ಟೇ ಇತ್ತು. ಅವಳು ಅವನ ಮೀಸೆ ನೋಡಿದಳು, ಸಭೆ ನೋಡಿದಳು, ಶಾಂತವಾಗಿ ಅಂದಳು: “ಹಂಗಾದ್ರೆ ಮುಸುರೆ ತಿಕ್ಕೋದು ಈಗ್ಲೇ ಕಲ್ತುಕೊಂಡು ಸಾಯ್ರಿ.”

ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆಯಲ್ಲಿ ಮಾಲತೇಶನ ಸಾವು ಯಾರಿಗೂ ಕಾಣಲಿಲ್ಲ. ಅವನೂ ನಗು ತಡೆಯಲಾರದೆ ಸತ್ತಲ್ಲೇ ಅಲುಗಾಡುತ್ತಿದ್ದ. ಆಗ ನನ್ನ ಪಕ್ಕದಿಂದ, ಎಷ್ಟೋ ವರ್ಷಗಳಿಂದ ಕೇಳದ ಒಂದು ಸದ್ದು ಬಂತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಸಭೆ ಚದುರಿದ ಮೇಲೆ ನಾನು ತಡವರಿಸುತ್ತ, ಇದು ನಾನು ಬರೆದದ್ದಲ್ಲ, ಫೈಲು ಕೆಟ್ಟು ಹೀಗಾಗಿದೆ, ತಪ್ಪು ತಿಳಿಯಬೇಡ ಎಂದೆ. ಅಕ್ಕ ಕಣ್ಣೊರೆಸಿಕೊಂಡು, “ಅಳಾಕೆ ನಂಗೆ ನಿನ್ನ ನಾಟಕ ಬೇಕಿರ್ಲಿಲ್ಲ ಸಾವಂತ್ರಿ. ಅದಕ್ಕೇ ಆವಾಗ ಬರ್ಲಿಲ್ಲ” ಎಂದಳು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅಂದಳು: “ನಗಾಕೆ ಒಂದು ನೆವ ಬೇಕಿತ್ತು ನೋಡು.”

ಮಹಾಶಯರೇ, ನಾನು ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಬರೆಯುವವರ ಜಂಬ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಪಟ್ಟಿ ಬಿಚ್ಚಿದೊಡನೆ ಚನ್ನಗಿರಿಗೆ ಹೋಗಿ, ಮಸರತ್ ಪಕ್ಕದಲ್ಲಿ ಕೂತು, ತಾವು ನುಂಗಿದ್ದ ಒಂದೊಂದು ಒತ್ತನ್ನೂ ಹುಡುಕಿ ಕೂರಿಸಿ, ಶುದ್ಧ ಪ್ರತಿಯನ್ನು ಖಾಜಾಸಾಬರಿಗೆ ಒಪ್ಪಿಸಿದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಭದ್ರವಾಗಿ ಪೆಟ್ಟಿಗೆಯಲ್ಲಿಟ್ಟರು, ಆಮೇಲೆ ಜಗಳೂರಿನವರೂ ಸಂತೇಬೆನ್ನೂರಿನವರೂ ಗದೆಯ ನಾಟಕವೇ ಬೇಕೆಂದು ಹೇಳಿಕಳಿಸಿದ್ದಾರೆ ಎಂದು ತಿಳಿಸಿದರು. ಬಿಳಿಚೋಡಿನ ಪ್ರಯೋಗಕ್ಕೆ ಅಕ್ಕನೂ ವ್ಯಾನು ಹತ್ತಿ ಹೋಗಿ ಬಂದಳು. ಸಾಸ್ವೆಹಳ್ಳಿಯಲ್ಲಿ ಅಣ್ಣನನ್ನು ಜನ ಗದೆಯಣ್ಣ ಎಂದು ಕರೆಯಲು ಶುರುಮಾಡಿದ್ದಾರಂತೆ. ನನ್ನ ದುಃಖಾಂತ ನಾಟಕ ನೋಡಿ ಎರಡು ಹನಿ ಅತ್ತು ಹಾಯಾಗಿ ಮನೆಗೆ ಹೋಗಿದ್ದ ಅವನು, ಈಗ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಈ ಸುಗ್ಗಿಯಲ್ಲಿ ಆ ಗದ್ದೆಯ ಭತ್ತದ ಚೀಲಗಳು ಅಕ್ಕನ ಮನೆಯ ಜಗುಲಿಗೆ ಬಂದು ಬಿದ್ದವು. ಗದ್ದೆಯೇನೂ ವಾಪಸು ಬಂದಿಲ್ಲ. ಅಕ್ಕ ಚೀಲಗಳನ್ನು ಒಳಗಿಟ್ಟುಕೊಂಡು, ಕಾಗದಪತ್ರ ಯಾವಾಗ ಮಾಡಿಸುತ್ತಾನೆಂದು ಕೇಳಿಕಳಿಸಿದ್ದಾಳೆ. ಆಡದೆ ಉಳಿದಿದ್ದ ಮಾತುಗಳಲ್ಲಿ ಅದು ಮೊದಲನೆಯದು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ತಾವು ಪೂರಾ ಕಣ್ಣು ಮುಚ್ಚುವ ಮುನ್ನ ನಾಟಕದ ಸಹಲೇಖಕರಾಗಿ ಒಂದು ರುಜು ಹಾಕಿಕೊಡಬೇಕು. ಮುಂದೆ ಯಾವ ಒತ್ತು ನುಂಗುವಿರೆಂಬುದನ್ನು ಮುಂಚಿತವಾಗಿ ತಿಳಿಸಿದರೆ ಅದಕ್ಕೆ ತಕ್ಕ ಸಾಮಾನನ್ನು ಬಾಡಿಗೆಗೆ ಹೇಳಿಡಬಹುದು. ತಮ್ಮ ಜಾಗಕ್ಕೆ ಬಂದಿರುವ ಹೊಸ ರೂಪದವರಿಗೂ ಮುಪ್ಪು ಬಂದೇ ಬರುತ್ತದೆ, ಅವರಿಗೆ ತಮ್ಮ ವಿದ್ಯೆಯನ್ನು ಕಲಿಸಬೇಡಿ. ಕಲಿಸಲೇಬೇಕೆಂದಿದ್ದರೆ, ಯಾವ ಮನೆಯಲ್ಲಿ ಯಾವ ಅಕ್ಷರ ತೆಗೆಯಬೇಕು ಎಂಬ ಆ ವಿವೇಕವನ್ನೂ ಜೊತೆಗೆ ಕಲಿಸಿ.

ಇಷ್ಟಾದರೂ ಬೇರೆ ಗತಿಯಿಲ್ಲದೆ ಉಳಿದಿರುವ,
ತಮ್ಮ ವಿಶ್ವಾಸಿ,
ಸಾವಂತ್ರಮ್ಮ, ನ್ಯಾಮತಿ

ತಾಜಾ ಕಲಂ: ಈ ಪತ್ರವನ್ನು ತಮ್ಮ ಉತ್ತರಾಧಿಕಾರಿಯಾದ ಹೊಸ ಫೈಲಿನಲ್ಲೇ ಟೈಪ್ ಮಾಡಿಸುತ್ತಿದ್ದೇನೆ. ಅವರು ಈಗಷ್ಟೇ ಮೇಲಿನ ‘ವಿಶ್ವಾಸಿ’ ಎಂಬ ಪದದ ಕೆಳಗೆ ಕೆಂಪು ಗೀರೆಳೆದು, ಇದು ತಪ್ಪು ಎಂದು ತೋರಿಸುತ್ತಿದ್ದಾರೆ. ವಯಸ್ಸು ಚಿಕ್ಕದಾದರೂ ತಿಳಿವಳಿಕೆ ಇರುವಂತೆ ಕಾಣುತ್ತದೆ.