ಖತೀಜಮ್ಮನ ಗುಬ್ಬಚ್ಚಿ

ಎಲ್ಲ ಶುರುವಾದದ್ದು ಖತೀಜಮ್ಮ ಬೆಳಗಿನ ಚಹಾ ಕುಡಿಯುತ್ತಾ ಬಿಟ್ಟ ಒಂದು ನಿಟ್ಟುಸಿರಿನಿಂದ. ಶಿರ್ತಾಡಿಯ ತವರುಮನೆ ಅಂಗಳದಲ್ಲಿ ಎಷ್ಟೊಂದು ಗುಬ್ಬಚ್ಚಿಗಳಿದ್ದವು, ಕಣ್ಣು ಮುಚ್ಚುವ ಮೊದಲು ಒಂದಾದರೂ ಬರಬಾರದೇ ಎಂದರು. ಮಗ ಉಮ್ಮರ್ ಅದನ್ನು ಕೇಳಿಸಿಕೊಂಡ. ಮೂವತ್ತು ವರ್ಷ ಸೌದಿಯ ದಮ್ಮಾಮಿನಲ್ಲಿದ್ದು, ಹೆತ್ತ ಉಮ್ಮನ ಒಂದು ಆಸೆಯನ್ನೂ ಎದುರಿಗಿದ್ದು ತೀರಿಸದ ಕೊರಗು ಅವನಿಗಿತ್ತು. ಚಪ್ಪಲಿ ಮೆಟ್ಟಿ ಮೂಡುಬಿದಿರೆ ಪೇಟೆಗೆ ಹೊರಟೇಬಿಟ್ಟ.

ಹಕ್ಕಿಗೆ ಕಾಳು ಹಾಕುವ ಸಾಮಾನಿನಲ್ಲಿ ಇಷ್ಟು ಜಾತಿಗಳಿವೆಯೆಂದು ಆ ಬಡಪಾಯಿಗೇನು ಗೊತ್ತು? ಮರದ ಗೂಡು, ಪ್ಲಾಸ್ಟಿಕ್ ಕೊಳವೆ, ಮಣ್ಣಿನ ತಟ್ಟೆ. ಮದುವೆ ಸೀರೆ ಆರಿಸುವವರ ಹಾಗೆ ಒಂದೊಂದನ್ನೂ ತಿರುಗಿಸಿ ನೋಡಿ, ಕೊನೆಗೆ ಹಸಿರು ಮಾಡಿನ ಗೂಡು ತಂದು ಮನೆ ಮುಂದಿನ ತೋಟದ ಪೇರಳೆ ಗಿಡಕ್ಕೆ ತೂಗುಹಾಕಿದ.

ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ನಿತ್ಯಾನಂದ ಕಂಪೌಂಡಿನ ಮೇಲಿಂದ ಇಣುಕಿ, ಗೂಡು ಪ್ರಯೋಜನವಿಲ್ಲ, ಕೊಳವೆಯೇ ಆಗಬೇಕೆಂದು ಪಾಠ ಮಾಡಿದರು. ಉಮ್ಮರ್ ಮತ್ತೆ ಪೇಟೆಗೆ ಓಡಿದ. ಕೊಳವೆಯ ಕಾಳನ್ನು ಅಳಿಲು ಅರ್ಧ ಗಂಟೆಯಲ್ಲಿ ಮುಗಿಸಿತು. ಎದುರುಮನೆಯ ಶಶಿಪ್ರಭಾ ಮಣ್ಣಿನ ತಟ್ಟೆಯೇ ಒಳ್ಳೆಯದೆಂದರು. ತಟ್ಟೆ ಇಟ್ಟದ್ದೇ ತಡ, ಅವರದೇ ಕೋಳಿ ಸಂಸಾರ ಸಮೇತ ಊಟಕ್ಕೆ ಬಂತು. ನಾಲ್ಕು ಹೆಜ್ಜೆಯ ಆ ತೋಟ ಮಧ್ಯಾಹ್ನಕ್ಕೆ ಸಂತೆಯಾಗಿತ್ತು. ಗುಬ್ಬಚ್ಚಿಯ ಸುಳಿವು ಮಾತ್ರ ಇಲ್ಲ.

ಉಮ್ಮರನ ಸೋತ ಮುಖ ನೋಡಿ ಹೆಡ್‌ಮಾಸ್ಟರಿಗೂ ಪಾಪ ಅನ್ನಿಸಿತು.

“ಇದೆಲ್ಲ ಬೇಡ ಮಾರಾಯ್ರೆ. ನಾವು ಸಣ್ಣದಿರುವಾಗ ಚಾಪೆಯಲ್ಲಿ ಭತ್ತ ಹರಡಿದ್ರೆ ಸಾಕಿತ್ತಲ್ವಾ? ಹಾಗೇ ಮಾಡುವ.”

ಹೌದಲ್ಲ. ಬೇಯಿಸಿದ ಭತ್ತದ ಆ ಬಿಸಿ ವಾಸನೆ, ಅಂಗಳದ ತುಂಬ ಚಿಲಿಪಿಲಿ. ಆಮೇಲೆ ಮಿಲ್ಲಿನಿಂದ ಭತ್ತ ಬಂತು, ಅಟ್ಟದಿಂದ ಹಳೆ ಚಾಪೆ ಇಳಿಯಿತು. ಚಾವಡಿಯ ಕುರ್ಚಿಯಲ್ಲಿ ಉಮ್ಮನನ್ನು ಕೂರಿಸಿ ಎಲ್ಲರೂ ಉಸಿರು ಬಿಗಿಹಿಡಿದು ಕಾದರು.

ಸಂಜೆ ಐದಕ್ಕೆ ಒಂದು ಗುಬ್ಬಚ್ಚಿ ನಿಜವಾಗಿಯೂ ಬಂದು ಚಾಪೆಯ ಅಂಚಿನಲ್ಲಿ ಕೂತಿತು. ಉಮ್ಮರನ ಕಣ್ಣು ತುಂಬಿ ಬಂತು.

ಆರು ತಿಂಗಳಿಂದ ಯಾರಾದರೂ ಹಿಡಿಯದೆ ಏಳದ ಖತೀಜಮ್ಮ ತಟ್ಟನೆ ಎದ್ದು, ಊರುಗೋಲನ್ನು ನೆಲಕ್ಕೆ ಬಡಿದು “ಉಶ್” ಎಂದರು. ಹಕ್ಕಿ ಪೇಟೆಯ ಬಸದಿಯ ದಿಕ್ಕಿಗೆ ಹಾರಿಹೋಯಿತು.

ಉಮ್ಮರ್ ತಲೆಗೆ ಕೈಕೊಟ್ಟು ಕೂತುಬಿಟ್ಟ. ಉಮ್ಮನ ಮುಖ ಮಾತ್ರ ಹತ್ತು ವರ್ಷದ ಹುಡುಗಿಯದಾಗಿತ್ತು. ಮಗನ ಕಡೆ ತಿರುಗಿ ಹೇಳಿದರು:

“ಅಂಗಳದ ಭತ್ತ ಕಾಯುವುದು ನನ್ನ ಕೆಲಸ ಆಗಿತ್ತು ಮೋನೆ. ಒಂದು ಕಾಳು ಮುಟ್ಟಲಿಕ್ಕೆ ಬಿಟ್ಟವಳಲ್ಲ ನಾನು. ಎಷ್ಟು ಕಾಲ ಆಯಿತು ಓಡಿಸದೆ.” ಅವರು ಏದುಸಿರು ಬಿಡುತ್ತಾ ಕುರ್ಚಿಗೊರಗಿದರು. “ನಾಳೆ ಒಂದು ಹತ್ತಾದರೂ ಬರುವ ಹಾಗೆ ಮಾಡು.”